ಗಣಿತ ಓದಿದವರಿಗೆ ಸಂಚಾರ ನಿಯಂತ್ರಣದ ಸಂಶೋಧನೆಯಲ್ಲಿ ನೆಲೆ ಸಿಗುವುದೇ?

ಪ್ರಶ್ನೆ

ಗಣಿತದ ಸ್ನಾತಕೋತ್ತರ ಪದವಿಯ ಕೊನೆಯ ಹಂತದಲ್ಲಿದ್ದೇನೆ. ಆಂಶಿಕ ಅವಕಲ ಸಮೀಕರಣಗಳು ಮತ್ತು ಆಪ್ಟಿಮೈಸೇಷನ್ ನನಗೆ ಪ್ರಿಯವಾದ ವಿಷಯಗಳು. ಸಂಚಾರ ನಿಯಂತ್ರಣದಲ್ಲಿ ಪಿಎಚ್.ಡಿ. ಮಾಡಿ ಅಧ್ಯಾಪನಕ್ಕೆ ಬರಬೇಕೆಂದಿದ್ದೇನೆ. ಆದರೆ ಗಣಿತದವರು ಇದನ್ನು ಬರಿಯ ಅನ್ವಯವೆಂದೂ, ಎಂಜಿನಿಯರುಗಳು ರಸ್ತೆಯನ್ನೇ ನೋಡದ ಸಿದ್ಧಾಂತವೆಂದೂ ಬದಿಗಿಟ್ಟರೆ ಎರಡೂ ಕಡೆ ಹೊರಗಿನವನಾಗಿ ಉಳಿಯುವೆನೇನೋ ಎಂಬ ಅಳುಕಿದೆ. ಈ ದಾರಿಯಲ್ಲಿ ನಡೆದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಈ ಕ್ಷೇತ್ರದ ಅಡಿಪಾಯ ಹಾಕಿದವರಲ್ಲಿ ಹಲವರು ಹೊರಗಿನಿಂದಲೇ ಬಂದವರು. ದ್ರವಚಲನೆಯ ಗಣಿತದಲ್ಲಿ ಹೆಸರಾಗಿದ್ದ ಜೇಮ್ಸ್ ಲೈಟ್‌ಹಿಲ್, ಜೆರಾಲ್ಡ್ ವಿಥಮ್ ಅವರೊಡನೆ 1955ರಲ್ಲಿ ಎರಡು ಭಾಗಗಳ ಒಂದು ಪ್ರಬಂಧ ಪ್ರಕಟಿಸಿದರು. ಮೊದಲ ಭಾಗ ಉದ್ದನೆಯ ನದಿಗಳಲ್ಲಿ ನೆರೆ ಸಾಗುವ ಬಗೆಯನ್ನು ಕುರಿತದ್ದು, ಎರಡನೆಯದು ಕಿಕ್ಕಿರಿದ ರಸ್ತೆಯ ವಾಹನಗಳನ್ನು ಕುರಿತದ್ದು. ಮರುವರ್ಷ ಪಾಲ್ ರಿಚರ್ಡ್ಸ್ ಸ್ವತಂತ್ರವಾಗಿ ಅದೇ ಸಿದ್ಧಾಂತವನ್ನು ತಲುಪಿದರು. ಪ್ರತಿಯೊಂದು ವಾಹನವೂ ಮುಂದಕ್ಕೇ ಚಲಿಸುತ್ತಿದ್ದರೂ ದಟ್ಟಣೆಯ ಅಲೆ ಮಾತ್ರ ಹಿಂದಕ್ಕೆ ಸರಿಯಬಲ್ಲದೆಂಬುದು ಈ ಸಿದ್ಧಾಂತದ ಸಮೀಕರಣದಿಂದಲೇ ಹೊರಡುತ್ತದೆ, ಮತ್ತು ನೀವು ಈಗಾಗಲೇ ಓದಿರುವ ಲಕ್ಷಣರೇಖೆಗಳ ವಿಧಾನವೇ ಅದಕ್ಕೆ ಸಾಕು. ನನ್ನ ಮಟ್ಟಿಗೆ ಗಣಿತದ ಚೆಲುವು ಇದಕ್ಕಿಂತ ನಿಚ್ಚಳವಾಗಿ ಕಾಣುವ ತಾಣಗಳು ಕಡಿಮೆ.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಕೆಲಸದ ಹುರುಳಿರುವುದು ಸೂತ್ರ ಸೋಲುವಲ್ಲಿ. ಸಿಗ್ನಲ್ಲಿನ ಆವರ್ತನ ಅವಧಿಗೆ, ಅಂದರೆ ಎಲ್ಲ ದಿಕ್ಕುಗಳಿಗೂ ಒಮ್ಮೆ ಹಸಿರು ಬಂದು ಮುಗಿಯುವ ಕಾಲಕ್ಕೆ, ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನೇ ತೆಗೆದುಕೊಳ್ಳಿ: ಒಂದು ಆವರ್ತನದಲ್ಲಿ ವ್ಯರ್ಥವಾಗುವ ಕಾಲದ ಒಂದೂವರೆ ಪಟ್ಟಿಗೆ 5 ಸೆಕೆಂಡು ಕೂಡಿಸಿ, ನಿರ್ಣಾಯಕ ಹರಿವಿನ ಅನುಪಾತಗಳ (ಪ್ರತಿ ಹಸಿರು ಸರದಿಯಲ್ಲಿ ಅತಿ ದಟ್ಟವಾದ ಪಥಕ್ಕೆ ಬರುವ ವಾಹನಗಳಿಗೂ ಆ ಪಥ ದಾಟಿಸಬಲ್ಲ ಗರಿಷ್ಠ ವಾಹನಗಳಿಗೂ ಇರುವ ಅನುಪಾತಗಳ) ಮೊತ್ತವನ್ನು 1ರಿಂದ ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು. ವ್ಯರ್ಥಕಾಲ 10 ಸೆಕೆಂಡು, ಮೊತ್ತ 0.75 ಇದ್ದರೆ 80 ಸೆಕೆಂಡು ಬರುತ್ತದೆ. ಮೊತ್ತ 0.9 ಆದೊಡನೆ ಅದು 200 ಸೆಕೆಂಡಿಗೆ ಜಿಗಿಯುತ್ತದೆ. 1ನ್ನು ಮುಟ್ಟಿದರೆ ಸೂತ್ರಕ್ಕೆ ಅರ್ಥವೇ ಉಳಿಯದು. ಜನರು ಬವಣೆ ಪಡುವುದು ನಿಖರವಾಗಿ ಅಲ್ಲಿಯೇ. ಸಾಲು ಹಿಂದಿನ ಕೂಡುರಸ್ತೆಯವರೆಗೆ ಬೆಳೆದಾಗ ಏನು ಮಾಡಬೇಕೆಂಬ ಪ್ರಶ್ನೆಯ ಮೇಲೆ ನಾನು ವರ್ಷಗಟ್ಟಲೆ ಕಳೆದಿದ್ದೇನೆ, ಇಂದಿಗೂ ಅದು ನನ್ನನ್ನು ಬಿಟ್ಟಿಲ್ಲ.

ವಿಭಾಗ ಯಾವುದೆಂಬುದಕ್ಕಿಂತ, ದತ್ತಾಂಶ ಕೈಗೆಟುಕುವ ಮಾರ್ಗದರ್ಶಕರಿದ್ದಾರೆಯೇ ಎಂದು ನೋಡಿ. ನನ್ನ ಮೊದಲ ಪ್ರಬಂಧದ ಪ್ರಮೇಯದಲ್ಲಿ ತಪ್ಪಿರಲಿಲ್ಲ. ಆದರೆ ಬಲಕ್ಕೆ ತಿರುಗುವವರು ನೇರ ಹೋಗುವವರನ್ನು ತಡೆಯುತ್ತಾರೆಂಬುದು ಅದರಲ್ಲಿ ಇರಲೇ ಇಲ್ಲ. ಕೂಡುರಸ್ತೆಯಲ್ಲಿ ಒಂದು ಮುಂಜಾನೆ ನಿಂತಿದ್ದರೆ ತಿಳಿಯುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಕೂಡುರಸ್ತೆಯಲ್ಲಿ ನಿಂತು ಮೊದಲು ಏನನ್ನು ಅಳೆಯಲಿ?

ಉತ್ತರ 2

ಸಂತೃಪ್ತ ಹರಿವನ್ನು, ಅಂದರೆ ನಿಂತ ಸಾಲು ಹಸಿರಿನಲ್ಲಿ ಎಡೆಬಿಡದೆ ಹೊರಡುತ್ತಿದ್ದರೆ ಒಂದು ಪಥ ಗಂಟೆಗೆ ದಾಟಿಸಬಲ್ಲ ವಾಹನಗಳ ಸಂಖ್ಯೆಯನ್ನು. ಹಸಿರು ಬಂದ ಮೇಲೆ ಮೊದಲ ನಾಲ್ಕು ವಾಹನಗಳನ್ನು ಬಿಡಿ, ಅವು ಚಾಲನೆ ಪಡೆಯಲು ತಡವಾಗುತ್ತದೆ. ನಂತರ ಸಾಲಿನಲ್ಲಿ ನಿಂತಿದ್ದ ಪ್ರತಿಯೊಂದು ವಾಹನವೂ ನಿಲುಗಡೆ ಗೆರೆ ದಾಟುವ ಸಮಯವನ್ನು ಬರೆದುಕೊಳ್ಳಿ. ಸರಾಸರಿ ಅಂತರ 2 ಸೆಕೆಂಡಾದರೆ ಆ ಪಥದ ಸಂತೃಪ್ತ ಹರಿವು ಗಂಟೆಗೆ 1800 ವಾಹನ. ಹತ್ತಾರು ಆವರ್ತನಗಳಲ್ಲಿ ಹೀಗೆ ಅಳೆದು, ಮಳೆ ಬಂದ ದಿನ ಮತ್ತೊಮ್ಮೆ ಅಳೆಯಿರಿ. ಆ ಎರಡು ಪಟ್ಟಿಗಳನ್ನು ಇಲ್ಲಿ ಹಾಕಿದರೆ, ವೆಬ್‌ಸ್ಟರ್ ಸೂತ್ರದಲ್ಲಿ ಅವು ಎಷ್ಟು ವ್ಯತ್ಯಾಸ ತರುತ್ತವೆಂದು ಒಟ್ಟಿಗೆ ಲೆಕ್ಕ ಹಾಕೋಣ.