ಮಾನಿಟರ್ ಇಲ್ಲದ ಸರ್ವರ್‌ಗೆ ಕೆವಿಎಂ ಸರಿಯಾ, ವರ್ಚುವಲ್‌ಬಾಕ್ಸಾ?

ಪ್ರಶ್ನೆ: ಅಂಗಡಿಯಲ್ಲಿ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್ ಇದೆ, 16 ಜಿಬಿ ರ‍್ಯಾಮ್. ಮಾನಿಟರ್ ಇಲ್ಲ, ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರ್‌ನಿಂದ ಕಮಾಂಡ್ ಕೊಡುವ ದಾರಿ) ಮಾತ್ರ. ಬಿಲ್ಲಿಂಗ್‌ಗೆ ಅದರೊಳಗೆ ವಿಂಡೋಸ್ ಬೇಕು. ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್‌ಗಳಲ್ಲಿ ನನಗೆ ವರ್ಚುವಲ್‌ಬಾಕ್ಸ್ ಅಷ್ಟೇ ಗೊತ್ತು. ಸಾಕಾ?

ಉತ್ತರ: ಕೆವಿಎಂ ಹಾಕಿ. ಅದೂ ಇದೇ ಕೆಲಸದ್ದು, 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ. ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆನ್ ಇದೆಯಾ ನೋಡಿ. ನಾನು ಅದನ್ನು ಮರೆತು ಒಂದಿಡೀ ಭಾನುವಾರ ಸುಮ್ನೆ ಹಾಳು ಮಾಡಿಕೊಂಡೆ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವರ್ಟ್-ಮ್ಯಾನೇಜರ್ (ಕೆವಿಎಂ ನೋಡಿಕೊಳ್ಳುವ ಕಿಟಕಿಯುಳ್ಳ ಪ್ರೋಗ್ರಾಂ) ಇದ್ದರೆ ಎಸ್‌ಎಸ್‌ಎಚ್ ಮೂಲಕವೇ ಎಲ್ಲ ನಡೆಯುತ್ತದೆ. ಡಿಸ್ಕ್‌ಗೆ ವರ್ಟ್‌ಐಒ (ಕೆವಿಎಂನ ವೇಗದ ವರ್ಚುವಲ್ ಡಿಸ್ಕ್ ಬಗೆ) ಆರಿಸಿದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಗಾಬರಿ ಬೇಡ, ವರ್ಟ್‌ಐಒ ಡ್ರೈವರ್‌ಗಳ ಐಎಸ್‌ಒ (ಸಿಡಿಯ ನಕಲಿನಂಥ ಫೈಲ್) ಎರಡನೇ ಸಿಡಿಯಾಗಿ ಸೇರಿಸಿ.

ಇನ್ನೊಬ್ಬರು: ಕೌಂಟರ್ ಕಂಪ್ಯೂಟರ್‌ನಿಂದ ಆ ವಿಂಡೋಸ್‌ಗೆ ತಲುಪಬೇಕು ಅಲ್ವಾ? ಡಿಫಾಲ್ಟ್ ನ್ಯಾಟ್ (ಒಳಗಿನ ವಿಂಡೋಸ್ ಸರ್ವರ್‌ನ ಹಿಂದೆ ಮರೆಯಾಗಿರುವ ನೆಟ್‌ವರ್ಕ್) ಸಾಲದು, ಬ್ರಿಜ್ ಮಾಡಿ, ಆಗ ಅದು ಅಂಗಡಿಯ ನೆಟ್‌ವರ್ಕ್‌ಗೇ ನೇರ ಸೇರುತ್ತದೆ. ವೈಫೈ ಮೇಲೆ ಬ್ರಿಜ್ ಅಂದ್ರೆ ತಲೆನೋವು, ಕೇಬಲ್ ಎಳೆಯಿರಿ.

ಕೇಳಿದವರು: ಬಯಾಸ್‌ನಲ್ಲಿ ಆಫ್ ಇತ್ತು! ಕೇಬಲ್ ತರಲು ಹೊರಟೆ.