ರಿಸೆಪ್ಟರ್‌ಗೆ ‘ಗ್ರಾಹಕ’ ಸರಿಹೋಗುತ್ತಾ? ಬ್ಲಾಕ್ ಮಾಡುವುದಕ್ಕೆ ‘ತಡೆ’ ಸಾಕಾ?

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನಲ್ಲಿ ಫಾರ್ಮಸಿ ಪಾಠ ಮಾಡುವವಳು. ಸ್ವೀಡನ್‌ನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಪಾರ್ಕಿನ್ಸನ್ ಇರುವವರ ಮನೆಯವರು. ನಮ್ಮ ಕಡೆ ಅದನ್ನು ನಡುಕದ ಕಾಯಿಲೆ ಅಂತಾರೆ, ಅದುರುವಾಯು ಅಂತ ಬರೆಯುವವರೂ ಇದ್ದಾರೆ. ಎರಡು ಕಡೆ ಸರಿಯಾದ ಪದ ಸಿಗದೆ ಕೂತಿದ್ದೇನೆ.

ಮೊದಲನೆಯದು ರಿಸೆಪ್ಟರ್. ನರಕೋಶದ ಹೊರಮೈಯಲ್ಲಿರುವ ಪ್ರೋಟೀನ್ ಅದು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಅನ್ನುವ ರಾಸಾಯನಿಕ ಬಂದು ಅದರ ಮೇಲೆ ಕೂತರೆ ಕೋಶದ ಒಳಗೆ ಕೆಲಸ ಶುರುವಾಗುತ್ತದೆ. ರೂಢಿಯ ಪದ ಗ್ರಾಹಕ. ಆದರೆ ಗ್ರಾಹಕ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಅಂಗಡಿಗೆ ಬರುವವರು, ಕರೆಂಟ್ ಬಿಲ್ ಕಟ್ಟುವವರು, ಅಲ್ವಾ? ‘ಗ್ರಾಹಕಕ್ಕೆ’, ‘ಗ್ರಾಹಕಗಳು’ ಅಂತ ಬರೆದಾಗ ತೊಂದರೆಯಿಲ್ಲ, ಇದು ಮನುಷ್ಯ ಅಲ್ಲ ಅಂತ ಪ್ರತ್ಯಯವೇ ಹೇಳಿಬಿಡುತ್ತದೆ. ‘ಡೋಪಮಿನ್ ಗ್ರಾಹಕ’ ಅಂತ ಸುಮ್ನೆ ನಿಂತಾಗ, ಅದರಲ್ಲೂ ತಲೆಬರಹದಲ್ಲಿ, ಡೋಪಮಿನ್ ಕೊಳ್ಳುವವನು ಅನ್ನಿಸುತ್ತದೆ. ‘ಗ್ರಾಹಿ’ ಅಂದರೆ ಈ ಗೊಂದಲ ಇರುವುದಿಲ್ಲ. ಆದರೆ ಸಾರಗ್ರಾಹಿ, ಹೃದಯಗ್ರಾಹಿ ಅಂತ ಇನ್ನೊಂದು ಪದದ ಬಾಲವಾಗಿ ಕೇಳಿದ್ದೇವೆ ಹೊರತು ಬಿಡಿಯಾಗಿ ಯಾರ ಬಾಯಲ್ಲೂ ಇಲ್ಲ. ರಿಸೆಪ್ಟರ್ ಅಂತಲೇ ಬಿಡೋಣ ಅನ್ನುವ ಕಡೆ ನನ್ನ ಮನಸ್ಸು ಜಾಸ್ತಿ ಇದೆ.

ಎರಡನೆಯದು ಬ್ಲಾಕ್ ಮಾಡುವುದು ಅನ್ನುವುದಕ್ಕೆ ಪದ. ಅದು ಇದಕ್ಕಿಂತ ಕಷ್ಟದ್ದು, ಕಾರ್ಲ್‌ಸನ್ ಕೆಲಸದ ತಿರುಳೇ ಅಲ್ಲಿದೆ. 1957ರಲ್ಲಿ ಅವರ ತಂಡ ಮೊಲಗಳಿಗೆ ರೆಸರ್ಪಿನ್ ಕೊಟ್ಟಿತು. ನಮ್ಮ ಸರ್ಪಗಂಧದ ಬೇರಿನಲ್ಲಿರುವ ವಸ್ತು ಇದು. ಮೊಲಗಳು ಕಿವಿ ಜೋತುಬಿಟ್ಟು ಅಲ್ಲಾಡದೆ ಕೂತವು. ಎಲ್-ಡೋಪಾ ಚುಚ್ಚಿದ ಮೇಲೆ ಎದ್ದು ಓಡಾಡಿದವು. ನರದ ತುದಿಯಲ್ಲಿ ಕೂಡಿಟ್ಟ ಡೋಪಮಿನ್ನನ್ನು ರೆಸರ್ಪಿನ್ ಖಾಲಿ ಮಾಡುತ್ತದೆ, ಎಲ್-ಡೋಪಾ ಸಿಕ್ಕಿದರೆ ಮಿದುಳು ಹೊಸದಾಗಿ ಮಾಡಿಕೊಳ್ಳುತ್ತದೆ. ಪಾರ್ಕಿನ್ಸನ್‌ಗೆ ಇವತ್ತಿಗೂ ಮುಖ್ಯ ಔಷಧಿ ಇದೇ. (ಬೇಲಿಸಾಲಿನ ನಸುಗುನ್ನಿ ಬೀಜದಲ್ಲೂ ಎಲ್-ಡೋಪಾ ಇದೆ. ಹಾಗಂತ ಮಾತ್ರೆ ಬಿಟ್ಟು ಅದನ್ನು ತಿನ್ನಲು ಹೋಗಬಾರದು, ಎಷ್ಟು ಒಳಗೆ ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ.)

ಆಮೇಲೆ 1963ರಲ್ಲಿ ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಜೊತೆ ಸೇರಿ ಇಲಿಗಳಲ್ಲಿ ಕ್ಲೋರ್‌ಪ್ರೊಮಜಿನ್, ಹ್ಯಾಲೊಪೆರಿಡಾಲ್ ಪರೀಕ್ಷೆ ಮಾಡಿದರು. ಆಗ ಮನೋರೋಗಕ್ಕೆ ಕೊಡುತ್ತಿದ್ದ ರೆಸರ್ಪಿನ್ ಹಾಗೆ ಇವೂ ಮನೋರೋಗದ ಔಷಧಿಗಳು, ಇವುಗಳಿಂದಲೂ ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ಆದರೆ ಇಲ್ಲಿ ಡೋಪಮಿನ್ ಖಾಲಿಯಾಗಿರಲಿಲ್ಲ! ಬಳಕೆಯಾದ ಡೋಪಮಿನ್ನಿಂದ ಹುಟ್ಟುವ ವಸ್ತು ಇನ್ನೂ ಜಾಸ್ತಿಯಾಗಿತ್ತು. ಔಷಧಿ ರಿಸೆಪ್ಟರ್‌ನ ಜಾಗ ಹಿಡಿದಿದೆ, ಸುದ್ದಿ ಮುಟ್ಟುತ್ತಿಲ್ಲ ಅಂತ ನರಕೋಶ ಇನ್ನಷ್ಟು ಬಿಡುತ್ತಿದೆ ಅಂತ ಅವರು ಊಹಿಸಿದರು. ಎಂಥ ಊಹೆ ನೋಡಿ, ಆಗ ಆ ರಿಸೆಪ್ಟರನ್ನು ಯಾರೂ ಹೊರತೆಗೆದು ನೋಡಿರಲಿಲ್ಲ.

ಈಗ ‘ಡೋಪಮಿನ್ ತಡೆಯುತ್ತದೆ’ ಅಂತ ಬರೆದರೆ ಓದುವವರಿಗೆ ರೆಸರ್ಪಿನ್ ಮಾಡುವ ಕೆಲಸ, ಹ್ಯಾಲೊಪೆರಿಡಾಲ್ ಮಾಡುವ ಕೆಲಸ ಎರಡೂ ಒಂದೇ ಆಗಿಬಿಡುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಟವೆಲ್ಲಿಗೆ ಪ್ರಯಾಣ ಇಲ್ಲ, ಕೂರಬೇಕಾದವರಿಗೆ ಜಾಗವೂ ಇಲ್ಲ, ಆ ಅರ್ಥ ಬರುವ ಕ್ರಿಯಾಪದ ಬೇಕು. ‘ಒತ್ತುವರಿ’ ಅಂದರು ಒಬ್ಬ ಸ್ನೇಹಿತರು. ಅದರಲ್ಲಿ ಕಾನೂನು ಮುರಿದ ವಾಸನೆ ಇದೆ, ಔಷಧಿಗೆ ಬೇಡ. ‘ಜಾಗ ಹಿಡಿಯುವ ಔಷಧಿ’, ‘ಬರಿದು ಮಾಡುವ ಔಷಧಿ’ ಅಂತ ಸದ್ಯಕ್ಕೆ ಬರೆದಿದ್ದೇನೆ.

ಮನೆಯವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಪಾರ್ಕಿನ್ಸನ್ ಇರುವವರಿಗೆ ವಾಂತಿ ಅಂತ ಮೆಟೊಕ್ಲೊಪ್ರಮೈಡ್ ಕೊಟ್ಟರೆ ಅದೂ ಇದೇ ಜಾಗ ಹಿಡಿಯುತ್ತದೆ, ಎಲ್-ಡೋಪಾ ತಗೊಳ್ಳುತ್ತಿದ್ದರೂ ನಡುಕ, ಬಿಗಿತ ಹೆಚ್ಚಾಗಬಹುದು. ಡಾಕ್ಟರಿಗೆ ಮೊದಲೇ ಕಾಯಿಲೆಯ ಹೆಸರು ಹೇಳಬೇಕು.

ಕಾರ್ಲ್‌ಸನ್‌ಗೆ 2000ದಲ್ಲಿ ಪಾಲ್ ಗ್ರೀನ್‌ಗಾರ್ಡ್, ಎರಿಕ್ ಕ್ಯಾಂಡೆಲ್ ಜೊತೆ ನೊಬೆಲ್ ಬಂತು. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದನ್ನು ಸ್ವೀಡನ್‌ನಲ್ಲಿ ಗಟ್ಟಿಯಾಗಿ ವಿರೋಧಿಸಿದವರೂ ಇವರೇ. ಪದದ ಚರ್ಚೆಗೆ ಸಂಬಂಧ ಇಲ್ಲ, ಆದರೆ ಫ್ಲೋರೈಡ್ ಹೆಚ್ಚಿರುವ ಪಾವಗಡದ ನೀರು ಗೊತ್ತಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳದೆ ಬಿಡಲು ಮನಸ್ಸಿಲ್ಲ.

‘ಗ್ರಾಹಿ’ಯನ್ನು ಬಿಡಿಯಾಗಿ ಅಚ್ಚಿನಲ್ಲಿ ನೋಡಿದವರು ತಿಳಿಸಿ. ‘ಜಾಗ ಹಿಡಿಯುವ’ ಅನ್ನುವುದಕ್ಕಿಂತ ಚಿಕ್ಕ ಪದ ಹೊಳೆದರೆ ಅದನ್ನೂ. ನಿಮ್ಮ ಮನೆಯಲ್ಲಿ ಎಲ್-ಡೋಪಾ ಮಾತ್ರೆ ತಗೊಳ್ಳುವವರು ಇದ್ದರೆ ‘ಜಾಗ ಹಿಡಿಯುವ’, ‘ಬರಿದು ಮಾಡುವ’ ಅನ್ನುವ ಈ ಎರಡು ಮಾತು ಅವರಿಗೇ ಓದಿ ಹೇಳಿ, ಯಾವುದು ತಕ್ಷಣ ಅರ್ಥವಾಯಿತು ಅಂತ ಬರೆಯಿರಿ.