ಕಾರ್ನರ್‌ಗೆ ಸ್ಪ್ಯಾನಿಷ್‌ನಲ್ಲಿ ಎಸ್ಕಿನಾನೋ, ರಿಂಕೋನೋ?

ಸ್ಪ್ಯಾನಿಷ್ ತರಗತಿಗೆ ಒಂದು ಪುಟ್ಟ ಕಥೆ ಬರೆದಿದ್ದೆ. ಅಜ್ಜಿ ಮೂಲೆಯಲ್ಲಿ ಕೂತು ಹೂ ಕಟ್ಟುತ್ತಿದ್ದಾಳೆ ಅಂತ ಶುರು. ಕಾರ್ನರ್‌ಗೆ ಡಿಕ್ಷನರಿಯಲ್ಲಿ ಮೊದಲು ಸಿಕ್ಕಿದ್ದು 'ಎಸ್ಕಿನಾ'. ಸುಮ್ನೆ ಅದನ್ನೇ ಹಾಕಿದೆ. ಸ್ಪೇನಿನವರಾದ ನಮ್ಮ ಮೇಷ್ಟ್ರು ಓದಿ ನಕ್ಕುಬಿಟ್ಟರು. ಪಾಪ, ಅಜ್ಜಿಯನ್ನು ಬೀದಿಯಲ್ಲಿ ಯಾಕೆ ಕೂರಿಸಿದ್ದೀರಿ ಅಂದರು.

ಆಮೇಲೆ ಗೊತ್ತಾಯಿತು. ಎರಡು ಗೋಡೆ ಸೇರುವ ಜಾಗವನ್ನು ಒಳಗಿನಿಂದ ನೋಡಿದರೆ 'ರಿಂಕೋನ್', ಹೊರಗಿನಿಂದ ನೋಡಿದರೆ 'ಎಸ್ಕಿನಾ'. ಕಸ ಸೇರಿಕೊಳ್ಳುವುದು ರಿಂಕೋನ್‌ನಲ್ಲಿ. ಮೇಜಿನ ಬದಿಯಲ್ಲಿ ಓಡಾಡುವಾಗ ಸೊಂಟಕ್ಕೆ ಬಡಿದು ಪ್ರಾಣ ತೆಗೆಯುವುದು ಎಸ್ಕಿನಾ. ರಿಂಕೋನ್ ಅರಬ್ಬಿಯಿಂದ ಬಂದ ಪದ. ಅದರಲ್ಲಿ ಒಂದು ಬೆಚ್ಚಗಿನ ಭಾವವೂ ಇದೆ, ನನಗಿಷ್ಟವಾದ ಮೂಲೆ ಅಂತೀವಲ್ಲ, ಹಾಗೆ. ಅದರಿಂದಲೇ ಹುಟ್ಟಿದ ಕ್ರಿಯಾಪದ 'ಅರ್ರಿಂಕೋನಾರ್'. ಅದು ನಮ್ಮ ಮೂಲೆಗುಂಪು ಮಾಡುವುದೇ!

ಬೀದಿ ಮೂಲೆ ಎಸ್ಕಿನಾ. ವೆನೆಜುವೆಲಾದ ಕರಾಕಸ್‌ನ ಹಳೇ ಭಾಗದಲ್ಲಿ ರಸ್ತೆಗಳಿಗಿಂತ ಈ ಎಸ್ಕಿನಾಗಳ ಹೆಸರೇ ಜಾಸ್ತಿ ಬಳಕೆ. ವಿಳಾಸ ಹೇಳುವುದು ಇಂಥ ಮೂಲೆಯಿಂದ ಇಂಥ ಮೂಲೆಗೆ ಅಂತ. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್ ಹುಟ್ಟಿದ ಮನೆ ಇರುವುದು ಸಾನ್ ಹಸಿಂತೋ ಮತ್ತು ತ್ರಪೋಸೋಸ್ ಎಂಬ ಎರಡು ಎಸ್ಕಿನಾಗಳ ನಡುವೆ.

ಆದರೆ ಮೈಮೇಲಿನ ಮೂಲೆಗಳಿಗೆ ಎರಡೂ ನಡೆಯುವುದಿಲ್ಲ. ಕಡೆಗಣ್ಣಿಗೆ 'ರಬಿಯೋ', ಅಂದರೆ ಪುಟ್ಟ ಬಾಲ. ಬಾಯಿಯ ಮೂಲೆಗೆ 'ಕೋಮಿಸೂರಾ'. ಇಲ್ಲಿ ನಾವೇನೂ ಕಮ್ಮಿ ಇಲ್ಲ, ಕಟವಾಯಿ ಅನ್ನುವ ಚೆಂದದ ಪದ ಇದೆ ಅಲ್ವಾ?

ಈಗ ನನ್ನ ಎರಡು ಪ್ರಶ್ನೆಗಳು. ಲ್ಯಾಟಿನ್ ಅಮೆರಿಕದಲ್ಲಿ ಕೋಣೆಯ ಒಳಮೂಲೆಗೂ ಎಸ್ಕಿನಾ ಅನ್ನುವುದುಂಟು. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ, ಅಲ್ಲಿಯವರಿಗೆ ನನ್ನ ಮೊದಲ ವಾಕ್ಯ ತಪ್ಪು ಅನಿಸುತ್ತಿತ್ತೇ? ಇನ್ನೊಂದು ಕನ್ನಡದ್ದು. ನಮಗೆ ಒಳಗಿನದೂ ಮೂಲೆ, ಹೊರಗಿನದೂ ಮೂಲೆ. ಸೈಟು ಮಾತ್ರ ಕಾರ್ನರ್ ಸೈಟು! ಮೊಣಕಾಲಿಗೆ ಬಡಿಯುವ ಆ ಚೂಪು ಹೊರಮೂಲೆಗೆ ನಿಮ್ಮ ಊರ ಕಡೆ ಬೇರೆ ಪದ ಇದೆಯೇ? ಗಾರೆ ಕೆಲಸದವರು, ಬಡಗಿಗಳು ಏನನ್ನುತ್ತಾರೆ?